ತಿರುಗುಮುರುಗು ಗಂಟು

ಬೆಳಗಿನ ಐದೂವರೆಯಿಂದ ಎಂಟರೊಳಗೆ ಆರ್ವಿಲ್ಲಾ ತನ್ನ ಹೆಸರನ್ನು ರೇಡಿಯೋದಲ್ಲಿ ಏಳು ಸಲ ಕೇಳಿದ್ದಳು. ಏಳರಲ್ಲಿ ಒಂದು ಸಲವೂ ಮಾತು ಅವಳ ಬಗ್ಗೆ ಇರಲಿಲ್ಲ. ಡೆಲ್ಮಾಂಟನ ದೋಣಿಯ ಹೆಸರೂ ಆರ್ವಿಲ್ಲಾ. ಹದಿನಾಲ್ಕು ವರ್ಷದ ಹಿಂದೆ, ದೋಣಿ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿದ್ದಾಗ, ಅವನೇ ಕೈಯಾರೆ ಅದರ ಹಿಂಬದಿಯ ಹಲಗೆಯ ಮೇಲೆ ಆ ಹೆಸರು ಬರೆದಿದ್ದ, ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆದು. ಅವಳು ಅವನನ್ನು ಬಿಟ್ಟು ಬಂದು ಹನ್ನೊಂದು ತಿಂಗಳಾದರೂ ಅದನ್ನು ಅಳಿಸಿರಲಿಲ್ಲ. ದೋಣಿಯ ಹೆಸರು ಬದಲಾಯಿಸಿದರೆ ಕೇಡು ಎಂದು ಬಾರ್ನಬಿ ಕೊಲ್ಲಿಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಹಾಗಾಗಿ ಮೂವತ್ತು ದೋಣಿಗಳ ರೇಡಿಯೋದಲ್ಲಿ ದಿನವಿಡೀ ಅದೇ ಹೆಸರು. "ಆರ್ವಿಲ್ಲಾ ಇವತ್ತು ಯಾಕೋ ಕೆಮ್ತಾ ಇದಾಳೆ ಕಣ್ರೋ." "ವಯಸ್ಸಾಯ್ತು ಬಿಡೋ, ತಳದಲ್ಲಿ ಪಾಚಿ ಹಿಡಿದಿರ್ಬೇಕು, ಎತ್ತಿ ಕೆರೆಸು." "ಕೆರೆಸೋಣ ಅಂದ್ರೆ ದಡಕ್ಕೇ ಬರಲ್ಲ ಅಂತಾಳೆ." ಆಮೇಲೆ ಮೂವತ್ತು ಗಂಟಲುಗಳ ನಗು, ಒದ್ದೆ ಡಬ್ಬದೊಳಗೆ ಮೊಳೆ ಅಲ್ಲಾಡಿಸಿದ ಹಾಗೆ. ಎಲ್ಲರಿಗಿಂತ ಕೊನೆಗೆ, ಎಲ್ಲರಿಗಿಂತ ಮೆಲ್ಲಗೆ ಡೆಲ್ಮಾಂಟನ ನಗು. ಅದು ಬರುವ ತನಕ ಆರ್ವಿಲ್ಲಾಳ ಕೈ ಎರೆಗೆಂದು ಇಟ್ಟ ಕೊಳೆತ ಮೀನಿನ ಬುಟ್ಟಿಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಬಂದ ಮೇಲೆ ಮತ್ತೆ ಕೆಲಸಕ್ಕೆ ತೊಡಗುತ್ತಿತ್ತು.

"ಆರಿಸ್ಲಾ?" ಎಂದು ಹಾರ್ಲನ್ ಬೆಳಿಗ್ಗೆಯೇ ರೇಡಿಯೋದ ಗುಂಡಿಯ ಕಡೆ ಗದ್ದ ತೋರಿಸಿ ಕೇಳಿದ್ದ.

"ಬೇಡ, ಹವಾಮಾನ ಹೇಳ್ತಾರೆ," ಅಂದಿದ್ದಳು ಅವಳು. ಹವಾಮಾನ ಕಣ್ಣೆದುರಿಗೇ ಇತ್ತು. ಆಗಸ್ಟಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಡಲಹಕ್ಕಿಗಳು ಹಾರುವುದು ಬಿಟ್ಟು ನಡೆದುಕೊಂಡೇ ಓಡಾಡುತ್ತಿದ್ದವು. ಹಾರ್ಲನ್ ಮಂಜನ್ನು ಒಂದು ಸಲ ನೋಡಿದ, ಅವಳನ್ನು ಒಂದು ಸಲ ನೋಡಿದ, ಗುಂಡಿಯನ್ನು ಹಾಗೇ ಬಿಟ್ಟ. ಅವನು ಅವಳ ಅಕ್ಕ ನೋರಾಳ ಗಂಡ. ವರ್ಷಕ್ಕೆ ಹನ್ನೆರಡು ಮಾತಾಡುವ ಮನುಷ್ಯ. ಫೆಬ್ರವರಿಗೆ ಒಂದು ದಿನ ಹೆಚ್ಚು ಬಂದ ವರ್ಷ ಹದಿಮೂರು. ಮದುವೆಯ ದಿನ ಪಾದ್ರಿ ಕೇಳಿದ್ದಕ್ಕೆ ಅವನು ಹೂಂ ಅನ್ನುವಷ್ಟರಲ್ಲಿ ಹೊರಗೆ ಕಡಲು ಪೂರ್ತಿ ಇಳಿದು ಮತ್ತೆ ಏರಿತ್ತು ಎಂದು ಬಂದರಿನಲ್ಲಿ ಈಗಲೂ ಹೇಳುತ್ತಾರೆ. ಅಂಥವನ ದೋಣಿಯಲ್ಲಿ ಸುಳ್ಳು ಹೇಳುವುದು ಬಹಳ ಸುಲಭ, ಯಾಕೆಂದರೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಬಹಳ ಕಷ್ಟವೂ ಹೌದು. ಹೇಳಿದ ಸುಳ್ಳು ಎಲ್ಲಿಗೂ ಹೋಗದೆ, ದೋಣಿಯ ತಳದಲ್ಲಿ ನಿಂತ ನೀರಿನ ಹಾಗೆ, ಕಾಲ ಬಳಿಯೇ ತುಳುಕುತ್ತಿರುತ್ತದೆ.

ತೇಲುವ ಬೆಂಡು ಹಿಡಿ, ಅದರ ಹಗ್ಗ ರಾಟೆಗೆ ಹಾಕು, ಬೋನು ಮೇಲೆ ಬಂತು, ಬಾಗಿಲು ತೆಗೆ. ಸಣ್ಣ ಲಾಬ್‌ಸ್ಟರನ್ನು ನೀರಿಗೆ ಎಸೆ, ಸಂಶಯ ಬಂದದ್ದನ್ನು ಹಿತ್ತಾಳೆಯ ಪಟ್ಟಿಯಲ್ಲಿ ಅಳೆ, ಉಳಿದದ್ದರ ಕೊಂಡಿಗೆ ರಬ್ಬರು ಬಿಗಿ, ಚೀಲಕ್ಕೆ ಹೊಸ ಎರೆ ತುಂಬು, ಬೋನನ್ನು ತಳ್ಳು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈಗೆ ತಲೆ ಬೇಕಾಗುವುದಿಲ್ಲ. ತಲೆ ಬೇಕಾದಲ್ಲಿ ಅಲೆಯುತ್ತದೆ. ಬೋನಿನಲ್ಲಿ ಎರಡು ಕೋಣೆ. ಮೊದಲನೆಯದಕ್ಕೆ ಅಡುಗೆಮನೆ ಅನ್ನುತ್ತಾರೆ, ಅಲ್ಲಿ ಎರೆ. ಹಿಂದಿನದಕ್ಕೆ ಪಡಸಾಲೆ, ಅಲ್ಲಿ ಏನೂ ಇಲ್ಲ. ಅಡುಗೆಮನೆಗೆ ಬಂದ ಲಾಬ್‌ಸ್ಟರು ತಿಂದು, ಬಂದ ದಾರಿಯಲ್ಲೇ ಹೊರಗೆ ಹೋಗಬಹುದು, ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಒಂದು ಮಾತ್ರ ಹೊಟ್ಟೆ ತುಂಬಿದ ಮೇಲೆ, ಒಳಗೆ ಇನ್ನೂ ಏನಿದೆಯೋ ನೋಡೋಣವೆಂದು ಖಾಲಿ ಪಡಸಾಲೆಗೆ ಕಾಲಿಡುತ್ತದೆ. "ಅದಕ್ಕೆ ಬಾಡಿಗೆ ಮನೆ ಹುಡುಕೋ ಚಪಲ ಕಣೇ," ಎಂದು ಡೆಲ್ಮಾಂಟ್ ಹೇಳುತ್ತಿದ್ದ. ಅವನು ಹೇಳದ ಕತೆಯಿಲ್ಲ. ಅವನ ಬೋನಿಗೆ ಬಿದ್ದ ಒಂದು ಲಾಬ್‌ಸ್ಟರು ಹಗ್ಗ ಕಚ್ಚಿಕೊಂಡು ದೋಣಿಯನ್ನೇ ಕೆನಡಾದ ತನಕ ಎಳೆದೊಯ್ದು, ಗಡಿಯಲ್ಲಿ ಕಾಗದ ತೋರಿಸು ಅಂದದ್ದಕ್ಕೆ ಮುನಿಸಿಕೊಂಡು ವಾಪಸು ತಂದು ಬಿಟ್ಟಿತಂತೆ. ಅವನು ಹೇಳಿದರೆ ನೀವೂ ನಂಬುತ್ತಿದ್ದಿರಿ. ಹಾರ್ಲನ್ ಕೂಡ ಒಮ್ಮೆ ನಕ್ಕಿದ್ದನ್ನು ನೋರಾ ಕಂಡಿದ್ದಾಳೆ.

"ಬಂದ್ಳು ನೋಡು," ಎಂದ ಹಾರ್ಲನ್.

ಬೋನಿನೊಳಗೆ ಆ ಹಳಬಳು. ಎಡಗೊಂಡಿ ಚಿಕ್ಕದು, ಬಾಲದ ಅಂಚಿನಲ್ಲಿ ಮೂರು ಮೂಲೆಯ ಕಚ್ಚು. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಬಾಲಕ್ಕೆ ಹೀಗೆ ಕಚ್ಚು ಹಾಕಿ ನೀರಿಗೆ ಬಿಡಬೇಕು. ಆಮೇಲೆ ಮೊಟ್ಟೆ ಇರಲಿ ಬಿಡಲಿ, ಕಚ್ಚು ಕಂಡವರು ಮುಟ್ಟುವ ಹಾಗಿಲ್ಲ. ಈ ಬೇಸಿಗೆಯಲ್ಲಿ ಇವಳು ನಾಲ್ಕನೇ ಸಲ ಬಂದಿದ್ದಳು. ಪ್ರತಿ ಸಲವೂ ಎರೆ ಪೂರ್ತಿ ತಿಂದು, ಪಡಸಾಲೆಯಲ್ಲಿ ಕಾಲು ಚಾಚಿ ಕೂತು.

"ಬಿಟ್ಟಿ ಊಟ ಅಂತ ಗೊತ್ತಾಗಿದೆ ಮುದುಕಿಗೆ," ಎಂದ ಹಾರ್ಲನ್. ವರ್ಷದ ಹನ್ನೆರಡರಲ್ಲಿ ಎರಡು ಇಲ್ಲೇ ಖರ್ಚಾಯಿತು.

ಆರ್ವಿಲ್ಲಾ ಅವಳನ್ನು ಬೆನ್ನು ಹಿಡಿದೆತ್ತಿ ನೀರಿಗೆ ಬಿಟ್ಟಳು. ಬಿಡುವಾಗ ಬಾಲ ಕೈಗೆ ಟಪಟಪ ಬಡಿಯಿತು. ಮೂರು ಸಲ ಬಾಗಿಲು ತೆಗ್ದಿದೀನಿ, ಎಂದಿದ್ದಳು ನೋರಾ. ಕಳೆದ ಸೆಪ್ಟೆಂಬರಿನಲ್ಲಿ, ಒಂದು ಚೀಲ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ತಂಗಿಯನ್ನು ಒಳಗೆ ಬಾ ಅನ್ನುವ ಮೊದಲು. "ಮೂರು ಸಲ ಬಾಗಿಲು ತೆಗ್ದಿದೀನಿ ಆರ್ವಿ. ನಾಲ್ಕನೇ ಸಲ ನನ್ನ ಕೈಲಾಗಲ್ಲ. ನಿನ್ನ ಮೇಲೆ ಸಿಟ್ಟಲ್ಲ. ಆಗಲ್ಲ, ಅಷ್ಟೆ." ಆರ್ವಿಲ್ಲಾ ಆಣೆ ಇಟ್ಟಿದ್ದಳು. ಇಡುವಾಗ ನಿಜವಾಗಿಯೇ ಇಟ್ಟಿದ್ದಳು. ಆದರೆ ರಬ್ಬರು ಅಂಗಿಯ ಒಳಜೇಬಿನಲ್ಲಿ ಈಗ, ಈ ಹೊತ್ತಿನಲ್ಲಿ, ಶುಂಠಿ ಬಿಸ್ಕತ್ತಿನ ಒಂದು ಪೊಟ್ಟಣ ಇತ್ತು. ಮಂಗಳವಾರ ಅಂಗಡಿಯಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಡೆಲ್ಮಾಂಟ್ ಹಿಂದಿನಿಂದ ಬಂದು ಅದನ್ನು ಅವಳ ಜೇಬಿಗೆ ಇಳಿಬಿಟ್ಟಿದ್ದ, ಹನ್ನೊಂದು ತಿಂಗಳು ಅಲ್ಲ, ಹನ್ನೊಂದು ನಿಮಿಷದ ಹಿಂದೆ ಬಿಟ್ಟುಹೋದವನ ಹಾಗೆ. "ನನ್ನ ದೋಣಿಯ ಆಳು ಬಿಟ್ಟು ಹೋಗ್ತಿದಾನೆ. ಸೋಮವಾರ ಬೆಳಿಗ್ಗೆ ಐದಕ್ಕೆ ದೋಣಿಕಟ್ಟೆ ಮೇಲಿರು ಬಂಗಾರ. ನಿನ್ನ ಹೆಸರಿನ ದೋಣೀಲಿ ಬೇರೆಯವ್ರು ಕೆಲ್ಸ ಮಾಡೋದು ನೋಡಕ್ಕಾಗಲ್ಲ ನಂಗೆ." ಅವಳು ಇಲ್ಲ ಅಂದಿರಲಿಲ್ಲ. ಹೂಂ ಅಂತಲೂ ಅಂದಿರಲಿಲ್ಲ, ಎಂದು ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ದಿನಕ್ಕೆರಡು ಬಿಸ್ಕತ್ತು, ಎರೆಯ ಗುಡಿಸಲಿನ ಹಿಂದೆ ನಿಂತು, ಅಕ್ಕನಿಗೆ ವಾಸನೆ ಬಾರದ ಹಾಗೆ ತಿಂದಿದ್ದಳು. ನಲವತ್ತನಾಲ್ಕು ವರ್ಷದ ಹೆಂಗಸು. ಇವತ್ತು ಶನಿವಾರ. ನಾಳೆ ಯಾರೂ ಬೋನು ಎತ್ತುವ ಹಾಗಿಲ್ಲ, ಬೇಸಿಗೆಯ ಭಾನುವಾರ. ನಾಡಿದ್ದು ಸೋಮವಾರ.

ಮಂಜಿನಲ್ಲಿ ಹಂದಿಬೆನ್ನು ಬಂಡೆ ಇದ್ದಕ್ಕಿದ್ದಂತೆ ಎದ್ದು ಬಂತು, ಕಪ್ಪಾಗಿ, ಸುತ್ತ ಬಿಳಿ ನೊರೆ. ಅದನ್ನು ಕಂಡಾಗಲೆಲ್ಲ ಅವಳ ಮೊಣಕಾಲಿಗೆ ಚಳಿ ಹಿಡಿಯುತ್ತದೆ. ಆರು ವರ್ಷದ ಹಿಂದೆ ಆ ಬಂಡೆಯ ಸಂದಿಯಲ್ಲಿ ಸಿಕ್ಕಿದ್ದ ಒಂದು ಬೆಂಡನ್ನು ಬಿಡಿಸೆಂದು ಡೆಲ್ಮಾಂಟ್ ಅವಳನ್ನು ಅಲ್ಲಿ ಇಳಿಸಿದ್ದ. ಬಿಡಿಸಿ ತಿರುಗಿ ನೋಡಿದರೆ ದೋಣಿ ಇಲ್ಲ. ಎಂಜಿನ್ನಿನ ಸದ್ದು ದೂರ ದೂರ ಹೋಗುತ್ತಿತ್ತು. ಮೊದಲು ನಕ್ಕಳು, ಯಾರೂ ನೋಡದಿದ್ದರೂ. ಅವನ ಚೇಷ್ಟೆಗಳಿಗೆ ತಕ್ಷಣ ನಗದಿದ್ದರೆ ಮುಖ ಊದಿಸುತ್ತಾನೆ. ಆಮೇಲೆ ಉಬ್ಬರದ ನೀರು ಬೂಟಿನ ತನಕ ಬಂತು. ಆಮೇಲೆ ಬೂಟಿನೊಳಗೆ ಬಂತು. ಒಂದೂಕಾಲು ಗಂಟೆಯ ನಂತರ, ಮೊಣಕಾಲು ಮುಳುಗಿದ ಮೇಲೆ, ಅವನು ಮಂಜಿನೊಳಗಿಂದ ಹಾಡುತ್ತಾ ಬಂದ. "ನೋಡೇ, ನೀನೊಬ್ಳೇ ನನ್ನ ಕಂಡ್ರೆ ಇಷ್ಟು ಸಂತೋಷ ಪಡೋದು!" ಸಂಜೆ ರೇಡಿಯೋದಲ್ಲಿ ಆ ಕತೆ ಹೇಳಿದ. ಅದರಲ್ಲಿ ನೀರು ಅವಳ ಕುತ್ತಿಗೆಯ ತನಕ ಬಂದಿತ್ತು, ತಲೆಯ ಮೇಲೊಂದು ಕಡಲಹಕ್ಕಿ ಮೊಟ್ಟೆಯಿಟ್ಟಿತ್ತು. ಬಂದರೆಲ್ಲ ನಕ್ಕಿತು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಮೊಣಕಾಲಿನ ಚಳಿಗಿಂತ ಆ ನಗು ಅವಳನ್ನು ಹೆಚ್ಚು ಕಾಡುತ್ತದೆ. ಇನ್ನೊಂದು ಸಂಗತಿಯಂತೂ ನೋರಾಗೂ ಹೇಳಲಾಗದ್ದು. ಅವನು ಮಂಜಿನಿಂದ ಹಾಡುತ್ತಾ ಬಂದನಲ್ಲ, ಆ ಕ್ಷಣದಷ್ಟು ಸಂತೋಷ ಅವಳಿಗೆ ಜೀವಮಾನದಲ್ಲಿ ಮತ್ತೆಂದೂ ಆಗಿರಲಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

ಹಾರ್ಲನ್ ಎಂಜಿನ್ ತಗ್ಗಿಸಿದ.

ಬಂಡೆಯ ಪಕ್ಕ, ಹಾರ್ಲನ್‌ನ ಅಪ್ಪನ ಕಾಲದಿಂದಲೂ ಅವನ ಮನೆಯವರೇ ಬೋನು ಇಳಿಸುತ್ತಿದ್ದ ಜಾಗದಲ್ಲಿ, ಅವನ ಹಳದಿ ಬೆಂಡುಗಳ ನಡುವೆ ಕಿತ್ತಳೆ ಬಣ್ಣದವು ತೇಲುತ್ತಿದ್ದವು. ಒಂದು, ಮೂರು, ಎಂಟು. ಕಿತ್ತಳೆಯ ಮೇಲೆ ಕಪ್ಪು ಪಟ್ಟಿ, ಕಪ್ಪಿನ ಕೆಳಗೆ ಬಿಳಿ: ಡೆಲ್ಮಾಂಟನ ಗುರುತು. ಆ ಬಿಳಿ ಪಟ್ಟಿಯನ್ನು ಎಳೆದವಳು ಆರ್ವಿಲ್ಲಾ, ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ. ಒಂದು ಬೆಂಡಿನಲ್ಲಿ ಅವಳ ಕುಂಚ ಜಾರಿದ ಗುರುತೂ ಕಾಣುತ್ತಿತ್ತು.

ಹಾರ್ಲನ್ ಬಹಳ ಹೊತ್ತು ನೋಡಿದ. ಅವನ ಕಿವಿ ಮಾತ್ರ ಕೆಂಪಾಯಿತು. "ಬೇಕೂಂತ ಇಳಿಸಿದಾನೆ," ಎಂದ.

ಇಂಥದ್ದಕ್ಕೆ ಬಾರ್ನಬಿ ಕೊಲ್ಲಿಯಲ್ಲಿ ಪೊಲೀಸರಿಲ್ಲ, ಜಗಳವಿಲ್ಲ. ನಿನ್ನ ನೀರಿನಲ್ಲಿ ಇನ್ನೊಬ್ಬನ ಬೆಂಡು ಕಂಡರೆ ಅದರ ಕೋಲಿಗೆ ಅದರದೇ ಹಗ್ಗವನ್ನು ಎರಡು ಸುತ್ತು ಹಾಕಿ ಗಂಟು ಬಿಗಿಯುತ್ತೀಯ. ಅಷ್ಟೆ. ಗಂಟು ನೋಡಿದವನಿಗೆ ಅರ್ಥವಾಗುತ್ತದೆ: ಕಂಡಿದ್ದೇವೆ, ಎತ್ತಿಕೊಂಡು ಹೋಗು. ಯಾರು ಕಟ್ಟಿದರೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಅದು ಇಡೀ ಬಂದರೇ ಕಟ್ಟಿದ ಗಂಟು. ಎತ್ತಿಕೊಂಡು ಹೋಗದಿದ್ದರೆ ಮುಂದಿನ ಸಲ ಹಗ್ಗಕ್ಕೆ ಚಾಕು, ಬೋನು ಕಡಲ ಪಾಲು. ಹೆಸರಿಲ್ಲ ಅನ್ನುವುದರಲ್ಲೇ ಅದರ ಬಲ. ಹೆಸರು ಗೊತ್ತಾದರೆ ಇಬ್ಬರ ನಡುವಿನ ಹಗೆ, ಅವನು ನಿನ್ನ ಬೋನು ಕಡಿಯುತ್ತಾನೆ, ನೀನು ಅವನದನ್ನು, ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ.

"ಕಲ್ಲು ಹತ್ರ ಇದೆ, ನಾನು ಚುಕ್ಕಾಣಿ ಚಕ್ರ ಬಿಡೋ ಹಾಗಿಲ್ಲ," ಎಂದ ಹಾರ್ಲನ್. "ನೀನೇ ಹಾಕಿಬಿಡು. ಆ ತುದೀದಕ್ಕೆ. ಒಂದು ಸಾಕು."

ಅವಳು ಬಗ್ಗಿ ಬೆಂಡನ್ನು ಎತ್ತಿಕೊಂಡಳು. ಕುಂಚ ಜಾರಿದ್ದ ಬೆಂಡೇ. ಹಗ್ಗ ತಣ್ಣಗೆ, ಲೋಳೆಯಾಗಿ ಕೈಗೆ ಬಂತು. ಅವಳ ಬಲಗೈಯ ತೋರುಬೆರಳು ಅರ್ಧವೇ ಇದೆ. ಒಂಬತ್ತು ವರ್ಷದ ಹಿಂದೆ ಡೆಲ್ಮಾಂಟ್ ರೇಡಿಯೋದಲ್ಲಿ ಏನೋ ಕತೆ ಹೇಳುತ್ತಾ, ಹಿಂದೆ ನೋಡದೆ, ರಾಟೆಯ ವೇಗ ಏರಿಸಿದ್ದ. ಆಸ್ಪತ್ರೆಯಲ್ಲಿ ಅವಳೇ, ನಾನೇ ಅಜಾಗರೂಕತೆ ಮಾಡಿದೆ ಎಂದು ಬರೆಸಿದಳು. ಬೆರಳು ಹೋದ ಮೇಲೆ ಗಂಟು ಹಾಕಲು ಬರಲಿಲ್ಲ. ಗಂಟು ಬಾರದವರಿಗೆ ದೋಣಿಯಲ್ಲಿ ಜಾಗವಿಲ್ಲ. ಆ ಚಳಿಗಾಲ ಮೂರು ವಾರ ಡೆಲ್ಮಾಂಟ್ ಎಲ್ಲಿಗೂ ಹೋಗಲಿಲ್ಲ, ಕುಡಿಯಲಿಲ್ಲ, ಕತೆ ಹೇಳಲಿಲ್ಲ. ಅಡುಗೆಮನೆಯ ಕುರ್ಚಿಯ ಬೆನ್ನಿಗೆ ಹಗ್ಗ ಹಾಕಿಕೊಂಡು ತನ್ನ ಬೆರಳನ್ನೂ ಮಡಚಿ ಕಟ್ಟಿಕೊಂಡು, ಅರ್ಧ ಬೆರಳಿನ ಕೈಗೆ ಯಾವ ಗಂಟು ಬರುತ್ತದೆಂದು ಹುಡುಕಿದ. ಕೊನೆಗೆ ಒಂದು ಸಿಕ್ಕಿತು. ತಪ್ಪು ಕಡೆಯಿಂದ, ಕೆಳಗಿನಿಂದ ಮೇಲಕ್ಕೆ, ತುದಿಯನ್ನು ಮಡಚಿ ಒಳಗೆ ಸಿಕ್ಕಿಸುವ ತಿರುಗುಮುರುಗು ಗಂಟು. "ನಿಂಗೆ ಒಬ್ಳಿಗೇ ಬೇಜಾರಾಗ್ಬಾರ್ದು" ಎಂದು ಅಂದಿನಿಂದ ತಾನೂ ಹಾಗೇ ಕಟ್ಟತೊಡಗಿದ. ಊರಲ್ಲಿ ಇಬ್ಬರೇ ಕಟ್ಟುವ ಗಂಟು. ಬೆರಳು ತೆಗೆದವನು ಕೊಟ್ಟದ್ದು. ಆ ಮೂರು ವಾರವನ್ನು ನೆನೆದರೆ ಸಾಕು, ಉಳಿದ ವರ್ಷಗಳೆಲ್ಲ ಮಂಜಿನಲ್ಲಿ ಕರಗಿಹೋಗುತ್ತವೆ.

"ಆಯ್ತಾ?" ಎಂದ ಹಾರ್ಲನ್, ಬಂಡೆಯಿಂದ ಕಣ್ಣು ತೆಗೆಯದೆ.

"ಆಯ್ತು."

ಬೆಂಡು ನೀರಿಗೆ ಬಿದ್ದು ತಿರುಗಿತು. ಕೋಲಿನ ಮೇಲೆ ಎರಡು ಸುತ್ತು, ಕೆಳಗಿನಿಂದ ಮೇಲಕ್ಕೆ, ತುದಿ ಮಡಚಿ ಒಳಗೆ. ದೋಣಿ ಆಗಲೇ ದೂರ ಸರಿದಿತ್ತು. ಕೈ ತಾನಾಗಿಯೇ ಮಾಡಿತು ಎಂದುಕೊಂಡಳು. ಅವಳಿಗೆ ಬೇರೆ ಗಂಟು ಬರುವುದಿಲ್ಲ, ಹಾರ್ಲನ್ ಅದನ್ನು ಯೋಚಿಸಬೇಕಿತ್ತು. ಹೀಗೆ ಒಂದೊಂದೇ ಹೇಳಿಕೊಂಡಳು. ಆದರೆ ತುದಿಯನ್ನು ಒಳಗೆ ಸಿಕ್ಕಿಸುವ ಮುಂಚೆ ಒಂದು ಉಸಿರಿನಷ್ಟು ಹೊತ್ತು ಕೈ ನಿಂತಿತ್ತು. ಅಷ್ಟು ಹೊತ್ತಿನಲ್ಲಿ ಅವಳಿಗೆ ಎಲ್ಲ ಗೊತ್ತಿತ್ತು. 'ಹಾರ್ಲನ್, ಆಗಲ್ಲ, ನೀನೇ ಕಟ್ಟು' ಎಂದು ಅವಳು ಅನ್ನಬಹುದಿತ್ತು. ಅಂದಿರಲಿಲ್ಲ.

ಹನ್ನೊಂದಕ್ಕೆ ಮಂಜು ಸ್ವಲ್ಪ ಎದ್ದಿತು. ಬ್ರೆಡ್ಡಿನ ನಡುವೆ ನೋರಾ ಇಟ್ಟುಕೊಟ್ಟಿದ್ದ ಮಾಂಸವನ್ನು ಇಬ್ಬರೂ ತಿನ್ನುತ್ತಿದ್ದರು. ರೇಡಿಯೋದಲ್ಲಿ ಮುದುಕ ಐರಾ ತನ್ನ ಮಂಡಿನೋವಿನ ವಿಷಯ ಹೇಳುತ್ತಿದ್ದ. ಅದರ ನಡುವೆ ಡೆಲ್ಮಾಂಟನ ದನಿ ಬಂತು.

"ಲೋ ಐರಾ, ಮಂಡಿ ಆಮೇಲೆ. ಕೇಳ್ರಪ್ಪಾ ಇಲ್ಲಿ. ನಂಗೊಂದು ಕಾಗದ ಬಂದಿದೆ."

"ಯಾರು ಬರೆದ್ರೋ, ಸರ್ಕಾರದವ್ರಾ?"

"ಸರ್ಕಾರಕ್ಕೆಲ್ಲಿ ಬರ್ಬೇಕು ಇಷ್ಟು ಚೆಂದದ ಕೈಬರಹ. ಹಂದಿಬೆನ್ನಿನ ಹತ್ರ, ಬೆಂಡಿನ ಕೋಲಿಗೆ. ಎರಡು ಸುತ್ತು." ಅವನು ತಡೆದ. ರೇಡಿಯೋ ಕರಕರ ಅಂದಿತು. "ಕೆಳಗಿನಿಂದ ಮೇಲಕ್ಕೆ."

ಯಾರೂ ನಗಲಿಲ್ಲ. ಮೂವತ್ತು ದೋಣಿಗಳು ಒಮ್ಮೆಲೇ ಬಾಯಿ ಮುಚ್ಚಿಕೊಂಡರೆ ಕಡಲು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಕಟ್ಟುವ ಕೈ ಯಾರದು, ಅದು ಈಗ ಯಾರ ದೋಣಿಯಲ್ಲಿದೆ ಎಂದು ಎಲ್ಲರಿಗೂ ಗೊತ್ತು. ಗಂಟಿನ ವಿಷಯವನ್ನು ಯಾರೂ ರೇಡಿಯೋದಲ್ಲಿ ಆಡುವುದಿಲ್ಲ. ಆಡಿದವನು ಡೆಲ್ಮಾಂಟ್, ಅದೂ ಹಾಡಿನ ಹಾಗೆ. ಕೊನೆಗೆ ಐರಾ ಗೊಣಗಿದ, "ಅದನ್ನೆಲ್ಲ ಇಲ್ಲಿ ಹೇಳಬಾರ್ದಪ್ಪಾ."

"ಪ್ರೀತಿಯ ಕಾಗದ ಕಣೋ ಐರಾ. ಜೇಬಲ್ಲಿಟ್ಕೊಂಡು ತಿರುಗಕ್ಕಾಗತ್ತಾ."

ಹಾರ್ಲನ್ ಅಗಿಯುವುದನ್ನು ನಿಲ್ಲಿಸಿರಲಿಲ್ಲ. ನಿಧಾನವಾಗಿ ನುಂಗಿದ. ಎದ್ದು ಹೋಗಿ ರೇಡಿಯೋ ಆರಿಸಿದ. ಆರ್ವಿಲ್ಲಾ ತನ್ನ ಕೈಯಲ್ಲಿದ್ದ ಬ್ರೆಡ್ಡನ್ನು ನೋಡುತ್ತಾ ಕೂತಳು. ಬೈದರೆ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಏನಾದರೂ ಹೇಳಬಹುದು, ಅತ್ತರೂ ಆದೀತು, ಡೆಲ್ಮಾಂಟನ ಮನೆಯಲ್ಲಿ ಬೈಗುಳಕ್ಕೂ ಅಳುವಿಗೂ ನಡುವೆ ಎಷ್ಟು ದೂರವೆಂದು ಅವಳಿಗೆ ಅಂಗುಲ ಅಂಗುಲ ಗೊತ್ತು. ಈ ಮನುಷ್ಯ ಅವಳ ಬೆರಳಿನ ಕಡೆ ಒಮ್ಮೆ ನೋಡಿ, ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ, ಚಕ್ರದ ಹತ್ತಿರ ಹೋದ.

"ನಾನು ಯೋಚನೆ ಮಾಡ್ಬೇಕಿತ್ತು," ಎಂದ. ಅವಳು ಬೆಳಿಗ್ಗೆ ತನಗೆ ತಾನೇ ಹೇಳಿಕೊಂಡಿದ್ದ ಮಾತೇ. ಅವನ ಬಾಯಲ್ಲಿ ಅದನ್ನು ಕೇಳಿದ ಮೇಲೆ ಅವಳು ಉಳಿದ ಬ್ರೆಡ್ಡನ್ನು ಕಡಲಹಕ್ಕಿಗಳ ಕಡೆ ಎಸೆದಳು.

ಮಧ್ಯಾಹ್ನದ ಬೋನುಗಳನ್ನೆಲ್ಲ ಮಾತಿಲ್ಲದೆ ಎತ್ತಿದರು. ಎರಡೂವರೆಗೆ ಕಟ್ಟೆಗೆ ಬಂದು ಹಿಡಿದದ್ದನ್ನು ಕೊಟ್ಟಾದ ಮೇಲೆ, ಹಾರ್ಲನ್ ಎರೆಯ ಡಬ್ಬಗಳನ್ನು ಗಾಡಿಗೆ ಹೇರಲು ಮೇಲೆ ಹೋದ. ಆರ್ವಿಲ್ಲಾ ಕಟ್ಟೆಯ ತುದಿಯಲ್ಲಿ ನಿಂತು ನೆಲ ತೊಳೆಯುತ್ತಿದ್ದಳು. ಆ ಎಂಜಿನ್ನಿನ ಸದ್ದು ಅವಳಿಗೆ ಗೊತ್ತು. ನಿದ್ದೆಯಲ್ಲಿ ಸಾವಿರ ಎಂಜಿನ್ನಿನ ನಡುವೆ ಕೇಳಿದರೂ ಎದ್ದು ಕೂರುತ್ತಾಳೆ. ಹೋಗಿಬಿಡು ಎಂದುಕೊಂಡಳು. ನೀರಿನ ಕೊಳವೆ ಹಿಡಿದು ಅದೇ ಹಲಗೆಯನ್ನು ನಾಲ್ಕನೇ ಸಲ ತೊಳೆದಳು.

ದೋಣಿಯ ಮೂತಿ ಮೊದಲು, ಆಮೇಲೆ ಪಕ್ಕೆ, ಆಮೇಲೆ ತಿರುಗುವಾಗ ಹಿಂಬದಿಯ ಹಲಗೆ, ಬಾಲವೆಳೆದ ಅಕ್ಷರ. ಡೆಲ್ಮಾಂಟ್ ಸಣ್ಣಗಾಗಿದ್ದ. ಗಡ್ಡ ಬಿಟ್ಟಿದ್ದ, ಅದು ಅವನಿಗೆ ಒಪ್ಪುತ್ತಿತ್ತು. ದೋಣಿ ಕಟ್ಟೆಂದು ಹಗ್ಗ ಎಸೆದ. ಕಟ್ಟೆಯ ಮೇಲೆ ನಿಂತವರು, ಹಗೆಯೇ ಆಗಲಿ, ಎಸೆದ ಹಗ್ಗ ಹಿಡಿಯಲೇಬೇಕು. ಅವಳ ಕೈ ಹಿಡಿಯಿತು.

"ನಂಗೊತ್ತಿತ್ತು," ಎಂದ ಅವನು.

"ಏನು?"

"ನೀನು ಬರೀತೀಯ ಅಂತ. ಮಂಗಳವಾರದಿಂದ ಅಲ್ಲಿ ಬೋನು ಇಳಿಸ್ಕೊಂಡು ಕಾಯ್ತಿದೀನಿ. ಹಾರ್ಲನ್‌ಗೆ ಚಕ್ರ ಬಿಡಕ್ಕಾಗಲ್ಲ ಅಂತ್ಲೂ ಗೊತ್ತಿತ್ತು."

ಅವಳಿಗೆ ಅದು ಎಲ್ಲಿಗೋ ಮುಟ್ಟಿತು. ಅವಮಾನವಾಗಬೇಕಿತ್ತು. ಅದರ ಪಕ್ಕದಲ್ಲೇ, ಅದಕ್ಕೆ ಮೈ ತಾಗಿಸಿಕೊಂಡು, ಹಾಳು ಸಂತೋಷವೊಂದು ಎದ್ದು ನಿಂತಿತು: ನನಗೋಸ್ಕರ ಇಷ್ಟು ಯೋಚಿಸಿದ.

"ಎತ್ಕೊಂಡು ಹೋಗು ಅವನ್ನ," ಎಂದಳು. "ಅವ್ರಪ್ಪನ ಜಾಗ ಅದು."

"ಎತ್ತೀನಿ. ಸೋಮವಾರ ಮಧ್ಯಾಹ್ನದೊಳಗೆ ಎಂಟೂ ಎತ್ತೀನಿ. ನೀನೇ ಎತ್ತು, ನನ್ನ ಪಕ್ಕ ನಿಂತು." ಅವನು ದನಿ ತಗ್ಗಿಸಿದ. ಕತೆ ಹೇಳುವಾಗಿನ ದನಿಯಲ್ಲ ಅದು, ಆ ಮೂರು ವಾರದ ದನಿ. "ಬರದೇ ಇದ್ರೆ, ನೋಡು ಬಂಗಾರ, ಹಾರ್ಲನ್ ನಂಗೆ ಗಂಟು ಹಾಕಿದಾನೆ ಅಂತ ಇಡೀ ಬಂದರಿಗೆ ಗೊತ್ತಾಗಿದೆ. ನಾನು ಸುಮ್ನಿರೋ ಹಾಗಿಲ್ಲ. ಅವನ ಹಳದಿ ಬೆಂಡು ನಾಳಿದ್ದು ಎಷ್ಟಿರ್ತವೋ. ನಂಗೂ ಇಷ್ಟ ಇಲ್ಲ. ಎಲ್ಲ ನಿನ್ನ ಕೈಲಿದೆ."

ನಿಜಕ್ಕೂ ಕೈಯಲ್ಲೇ ಇತ್ತು, ಒದ್ದೆಯಾಗಿ, ಭಾರವಾಗಿ. ಹಗ್ಗದ ಇನ್ನೊಂದು ತುದಿಯಲ್ಲಿ ಅವಳ ಹೆಸರಿನ ದೋಣಿ ಮೆಲ್ಲಗೆ ಜಗ್ಗುತ್ತಿತ್ತು. ಎಂಥ ಒಳ್ಳೆಯ ನೆಪ ಎಂದು ಅವಳಿಗೆ ಅನಿಸಿತು. ಹಿಂದೆ ಅವನ ಬಳಿ ಮರಳಿದ ಎರಡು ಸಲವೂ ನೆಪ ಹುಡುಕಲು ಅವಳು ಎಷ್ಟು ಒದ್ದಾಡಿದ್ದಳು! ಈ ಸಲ ಅವನೇ ತಂದು ಕೈಗಿಟ್ಟಿದ್ದಾನೆ. ಭಾವನ ಬೋನು ಉಳಿಸಲು ಹೋದೆ ಅನ್ನಬಹುದು. ನೋರಾಗೂ ಒಳಗೊಳಗೇ ಒಪ್ಪಬೇಕಾದೀತು. ಅವಳ ಕಾಲು ಆಗಲೇ ಅರ್ಧ ಹೆಜ್ಜೆ ದೋಣಿಯ ಕಡೆ ಸರಿದಿತ್ತು, ಯಾರೂ ಕೇಳದೆ.

ಅವಳು ಹಗ್ಗವನ್ನು ಕಂಬಕ್ಕೆ ಸುತ್ತಿದಳು. ಕೈ ಕೆಳಗಿನಿಂದ ಹೊರಟಿತು. ಅವಳು ಅದನ್ನು ನಿಲ್ಲಿಸಿ, ಮೇಲಿನಿಂದ ಕೆಳಕ್ಕೆ, ಊರಿನವರೆಲ್ಲ ಕಟ್ಟುವ ಹಾಗೆ ಸುತ್ತಲು ನೋಡಿದಳು. ಅರ್ಧ ಬೆರಳು ಹಗ್ಗ ಹಿಡಿಯಲಿಲ್ಲ. ಜಾರಿತು. ಮತ್ತೆ ಸುತ್ತಿದಳು. ಹಲ್ಲಿನಲ್ಲಿ ತುದಿ ಕಚ್ಚಿಕೊಂಡು ಎಳೆದಳು, ಉಪ್ಪು ಮತ್ತು ಡೀಸೆಲ್ಲಿನ ರುಚಿ ಬಾಯಿ ತುಂಬಿತು. ಡೆಲ್ಮಾಂಟ್ ನೋಡುತ್ತಿದ್ದ. ಮೊದಲು ನಗುತ್ತಾ, ಆಮೇಲೆ ನಗದೆ.

"ಏನೇ ಅದು? ಅದಾ ಗಂಟು?"

"ಹೂಂ."

"ನೀರಿಳಿತ ಶುರುವಾದ್ರೆ ಐದು ನಿಮಿಷ ನಿಲ್ಲಲ್ಲ ಅದು."

"ಹಂಗಾದ್ರೆ ನೀನೇ ಕಟ್ಕೋ," ಎಂದಳು. ಅಂದದ್ದು ಅಷ್ಟೆ, ಬರಲ್ಲ ಅಂತಲೂ ಅಲ್ಲ, ಬರ್ತೀನಿ ಅಂತಲೂ ಅಲ್ಲ. ಕಟ್ಟೆಯ ಹಲಗೆಗಳ ಮೇಲೆ ನಡೆಯುತ್ತಾ ಬೆನ್ನಿನಲ್ಲಿ ಅವನ ನೋಟ ಹೊತ್ತುಕೊಂಡು ಹೋದಳು. ಅವನು ಕರೆಯಲಿ ಎಂದು ಕಿವಿ ಕಾಯುತ್ತಲೇ ಇತ್ತು.

ಅವನು ಕರೆದ. "ಸೋಮವಾರ ಐದಕ್ಕೆ!"

ಶನಿವಾರವೆಂದರೆ ನೋರಾಳ ಮನೆಯಲ್ಲಿ ಬೀನ್ಸಿನ ಕಾಳು, ಕಾಕಂಬಿ ಹಾಕಿ ಬೆಳಗಿನಿಂದ ಒಲೆಯಲ್ಲಿಟ್ಟದ್ದು, ಜೊತೆಗೆ ಕಂದು ಬ್ರೆಡ್ಡು. ಆರು ಗಂಟೆಯ ಬಿಸಿಲು ಮಂಜಿನ ಅಂಚಿನಿಂದ ಕಿಟಕಿಗೆ ಬಿದ್ದಿತ್ತು. ಮೂರು ತಟ್ಟೆ ಇದ್ದವು. ಹಾರ್ಲನ್ ಕೂತಿದ್ದ, ಏನೂ ಹೇಳಿರಲಿಲ್ಲ ಎಂದು ನೋರಾಳ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ನೋರಾಳ ಅಡುಗೆಮನೆಯಲ್ಲೂ ರೇಡಿಯೋ ಇತ್ತು. ಬಂದರಿನ ಯಾವ ಅಡುಗೆಮನೆಯಲ್ಲಿಲ್ಲ?

ಆರ್ವಿಲ್ಲಾ ಕೂರಲಿಲ್ಲ. "ಗೊತ್ತಿದ್ದೇ ಕಟ್ಟಿದೆ," ಎಂದಳು. "ಕೈ ಹಂಗೇ ಅಭ್ಯಾಸ ಆಗಿದೆ ಅಂತ ಹೇಳೋಣ ಅಂದ್ಕೊಂಡಿದ್ದೆ. ಅಭ್ಯಾಸಾನೂ ಹೌದು. ಆದ್ರೆ ಗೊತ್ತಿತ್ತು."

ನೋರಾ ಚಮಚ ಹಿಡಿದು ನಿಂತೇ ಇದ್ದಳು.

"ಸೋಮವಾರ ಬಾ ಅಂದಿದಾನೆ. ಹೋದ್ರೆ ಅವನ ಬೋನು ಎತ್ತಾನಂತೆ. ಹೋಗದೇ ಇದ್ರೆ ಹಾರ್ಲನ್‌ದು ಕಡೀತಾನಂತೆ." ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಎರಡು ಬಿಸ್ಕತ್ತು, ಉಳಿದದ್ದು ಪುಡಿ. "ಇದೂ ಅವನೇ ಕೊಟ್ಟಿದ್ದು."

ಎಲ್ಲರಿಗಿಂತ ಮೊದಲು ಮಾತಾಡಿದವನು ಹಾರ್ಲನ್. ಆ ವರ್ಷದ ಲೆಕ್ಕ ಆವತ್ತೇ ಮೀರಿ ಹೋಯಿತು. "ಕಡೀಲಿ," ಎಂದ. "ಚಳಿಗಾಲದಲ್ಲಿ ಮಾಡೋದಾದ್ರೂ ಏನು. ಹೊಸ ಬೋನು ಹೆಣೀತೀನಿ." ಬ್ರೆಡ್ಡಿಗೆ ಬೆಣ್ಣೆ ಸವರಿದ. "ನನ್ನ ಬೋನಿಗೋಸ್ಕರ ಅಂತ ಹೋಗ್ಬೇಡ. ಹೋಗೋದಾದ್ರೆ ನಿಂಗೋಸ್ಕರ ಹೋಗು."

ಆ ಒಂದು ಮಾತಿಗೆ ನೆಪ ಅವಳ ಕೈಯಿಂದ ಜಾರಿಹೋಯಿತು. ಬರಿಗೈಯಲ್ಲಿ ನಿಂತವಳಿಗೆ ಈಗ ಸೋಮವಾರ ಇನ್ನೂ ದೊಡ್ಡದಾಗಿ ಕಂಡಿತು. ಅವಳು ಬಗ್ಗಿ ಬೂಟು ಕಳಚಿದಳು, ಮೊಣಕಾಲಿನ ತನಕದ ರಬ್ಬರು ಬೂಟು, ಮೀನಿನ ವಾಸನೆಯವು. ಎರಡನ್ನೂ ಅಕ್ಕನ ಕಡೆ ಚಾಚಿದಳು.

"ಇವನ್ನ ಎಲ್ಲಾದ್ರೂ ಬಚ್ಚಿಡು ನೋರಾ. ಸೋಮವಾರ ಆರು ಗಂಟೆ ತನಕ ಕೊಡ್ಬೇಡ. ನಾನು ಕೇಳ್ತೀನಿ. ಕೇಳಿದ್ರೂ ಕೊಡ್ಬೇಡ."

ನೋರಾ ಬೂಟನ್ನು ನೋಡಿದಳು, ತಂಗಿಯ ಕಾಲನ್ನು ನೋಡಿದಳು. "ಬರಿಗಾಲಲ್ಲೇ ಹೋಗ್ತೀಯ ನೀನು," ಎಂದಳು.

ಅದು ನಿಜವಿರಬಹುದೆಂದು ಮೂವರಿಗೂ ಗೊತ್ತಿತ್ತು.

"ನಂಗೆ ನಾಲ್ಕೂವರೆಗೆ ಆಳು ಬೇಕಲ್ಲ," ಎಂದ ಹಾರ್ಲನ್. "ಬೂಟಿಲ್ದೆ ಹೆಂಗೆ?"

ನೋರಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಬೂಟು ಕಸಿದುಕೊಂಡು ಹೋಗಿ ಎಲ್ಲೋ ಇಟ್ಟು ಬಂದಳು, ಬರುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ಕೂತ್ಕೋ. ಆರೋಗತ್ತೆ."

ಊಟವಾದ ಮೇಲೆ ಹಾರ್ಲನ್ ಒಂದು ಮೊಳ ಹಗ್ಗ ತಂದು ಅವಳ ತಟ್ಟೆಯ ಪಕ್ಕ ಇಟ್ಟ. ಮೇಲಿನಿಂದ ಕೆಳಕ್ಕೆ ಹೇಗೆಂದು ಒಂದು ಸಲ ತೋರಿಸಿ, ಮಾತೆಲ್ಲ ಖರ್ಚಾದವನಂತೆ ಹೋಗಿ 'ಅಮ್ಮಾ' ಅಂದು ನರಳುತ್ತಾ ಆರಾಮಕುರ್ಚಿಗೆ ಬಿದ್ದ. ಅವಳು ಎದುರಿನ ಖಾಲಿ ಕುರ್ಚಿಯ ಬೆನ್ನಿಗೆ ಕಟ್ಟಿ ನೋಡಿದಳು. ಜಾರಿತು. ಮತ್ತೆ ಕಟ್ಟಿದಳು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಒಂದು ನಿಂತಿತು, ಕುರೂಪವಾಗಿ, ಕಟ್ಟಿದವರು ಯಾರೂ ಆಗಿರಬಹುದಾದಂಥದ್ದು. ಬಿಚ್ಚಿ ಮತ್ತೆ ಕಟ್ಟಿದಳು. ನೋರಾ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು. ಹತ್ತು, ಹನ್ನೆರಡು. ಕಿಟಕಿಯಾಚೆ ಬಂದರಿನಲ್ಲಿ ಒಂದು ಎಂಜಿನ್ ಶುರುವಾಗಿ ನಿಂತಿತು. ಅವಳು ತಲೆಯೆತ್ತಿದಳು. ಮತ್ತೆ ತಗ್ಗಿಸಿ ನೋಡಿದಾಗ ಕುರ್ಚಿಯ ಬೆನ್ನಿನ ಮೇಲೆ ಅದೇ ಕೂತಿತ್ತು: ಕೆಳಗಿನಿಂದ ಮೇಲಕ್ಕೆ, ತುದಿ ಮಡಚಿ ಒಳಗೆ, ಅಚ್ಚುಕಟ್ಟಾಗಿ.

ನೋರಾ ಕೈ ಒರೆಸುತ್ತಾ ಬಂದವಳು ಅದನ್ನು ಕಂಡಳು. ಬೈಯಲಿಲ್ಲ. ಬಗ್ಗಿ ತಾನೇ ಬಿಚ್ಚಲು ಹೊರಟಳು. ಉಗುರು ಹಾಕಿ ಕೆರೆದಳು, ಇತ್ತಿಂದ ಅತ್ತಿಂದ ಎಳೆದಳು. ಹತ್ತು ಬೆರಳಿದ್ದರೂ ಅವಳಿಗೆ ಅದರ ದಾರಿ ಸಿಗಲಿಲ್ಲ, ಎಳೆದಷ್ಟೂ ಬಿಗಿಯಿತು.

"ಇದನ್ನ ಬಿಚ್ಚೋದು ಹೆಂಗೇ?"

ಆರ್ವಿಲ್ಲಾ ಅಕ್ಕನ ಒದ್ದೆ ಕೈ ಹಿಡಿದು, ಮಡಚಿ ಸಿಕ್ಕಿಸಿದ್ದ ತುದಿಯ ಮೇಲಿಟ್ಟಳು. "ಮೇಲಕ್ಕೆ. ಒಂದೇ ಸಲ."

ನೋರಾ ಎಳೆದಳು. ಹಗ್ಗ ಸರ್ರನೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

"ಇಷ್ಟೇನಾ?"

"ಇಷ್ಟೇ," ಎಂದಳು ಆರ್ವಿಲ್ಲಾ. ಹಗ್ಗವನ್ನು ಎತ್ತಿಕೊಂಡಳು. ಗಂಟು ಇದ್ದ ಕಡೆ ಅದು ಇನ್ನೂ ಬಾಗಿಕೊಂಡೇ ಇತ್ತು. ಅದನ್ನು ತೊಡೆಯ ಮೇಲೆ ಹಾಕಿ ಉಜ್ಜಿ ನೆಟ್ಟಗೆ ಮಾಡಿ, ಬರಿಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಮೊದಲಿನಿಂದ ಶುರು ಮಾಡಿದಳು, ಮೇಲಿನಿಂದ ಕೆಳಕ್ಕೆ.